ಸೆಟಲ್ ಆದ ಸಾಲ ಸಿಬಿಲ್ ರಿಪೋರ್ಟ್‌ನಲ್ಲಿ ಹೇಗೆ ಕಾಣುತ್ತದೆ? ಓದುವುದು, ಸರಿಪಡಿಸುವುದು ಹೇಗೆ?

ನಮ್ಮ ಮಾತಿನಲ್ಲಿ 'ಸೆಟಲ್' ಅನ್ನೋದು ಒಳ್ಳೆಯ ಪದ. ಮಗ ಸೆಟಲ್ ಆದ ಅಂತೀವಿ. ಜಮೀನಿನ ತಕರಾರು ಸೆಟಲ್ ಆಯ್ತು ಅಂತೀವಿ. ಅಂಗಡಿ ಲೆಕ್ಕ ಸೆಟಲ್ ಮಾಡಿದರೆ ಋಣ ಮುಗಿಯಿತು ಅಂತಲೇ ಅರ್ಥ. ಆದರೆ ಕ್ರೆಡಿಟ್ ರಿಪೋರ್ಟ್‌ನಲ್ಲಿ, ಅಂದರೆ ನಾವು ತಗೊಂಡ ಸಾಲಗಳನ್ನು ಹೇಗೆ ತೀರಿಸಿದ್ದೇವೆ ಅಂತ ದಾಖಲಾಗಿರುವ ವರದಿಯಲ್ಲಿ, ಇದೇ ಪದಕ್ಕೆ ಬೇರೆಯದೇ ಅರ್ಥವಿದೆ. ಅಲ್ಲಿ 'ಸೆಟಲ್ಡ್' ಅಂದರೆ, ಈ ಮನುಷ್ಯ ಕೊಡಬೇಕಾದ್ದನ್ನು ಪೂರ್ತಿ ಕೊಡಲಿಲ್ಲ, ಸಿಕ್ಕಷ್ಟು ತಗೊಂಡು ಖಾತೆ ಮುಚ್ಚಿದ್ದೇವೆ ಅಂತ.

ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. 2017ರಲ್ಲಿ ಕೆಲಸ ಹೋಗಿ ಆರು ತಿಂಗಳು ಮನೆಯಲ್ಲಿದ್ದೆ. ಕ್ರೆಡಿಟ್ ಕಾರ್ಡ್ ಬಾಕಿ ಬಡ್ಡಿ, ಲೇಟ್ ಫೀ ಎಲ್ಲಾ ಸೇರಿ 1,18,400 ರೂಪಾಯಿಗೆ ಬೆಳೆದಿತ್ತು. ವಸೂಲಿಯವರು ಫೋನ್ ಮಾಡಿ, "ಸರ್, 45,000 ಕಟ್ಟಿಬಿಡಿ, ಎಲ್ಲಾ ಕ್ಲೋಸ್ ಆಗುತ್ತೆ" ಅಂದರು. ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಆವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು. ನಾಲ್ಕು ವರ್ಷದ ನಂತರ ಹೋಮ್ ಲೋನ್ ಕೇಳಲು ಹೋದಾಗ ಮ್ಯಾನೇಜರ್ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲು ತೋರಿಸಿದರು. ಆ ಹಳೇ ಕಾರ್ಡಿನ ಮುಂದೆ 'ಸೆಟಲ್ಡ್' ಅಂತಿತ್ತು. ಲೋನ್ ಅರ್ಜಿ ಅಲ್ಲಿಗೇ ನಿಂತಿತು.

ಆಮೇಲೆ ಆ ಸಾಲನ್ನು ಸರಿಪಡಿಸಿಕೊಳ್ಳಲು ಏಳೆಂಟು ತಿಂಗಳು ಓಡಾಡಿದೆ. ಆ ಓಡಾಟದಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಸೆಟಲ್‌ಮೆಂಟ್ ಮಾಡಿಕೊಳ್ಳಬೇಕು ಅಂತಿರುವವರು, ಈಗಾಗಲೇ ಮಾಡಿಕೊಂಡವರು, ಪೂರ್ತಿ ಕಟ್ಟಿಯೂ ರಿಪೋರ್ಟ್ ತಪ್ಪಾಗಿ ಬಂದವರು, ಮೂವರಿಗೂ ಇದು ಬೇಕಾಗುತ್ತದೆ.

ಮೊದಲು ಒಂದು ವಿಷಯ: ರಿಪೋರ್ಟ್ ಬರೆಯುವವರು ಯಾರು?

ಎಲ್ಲರೂ 'ಸಿಬಿಲ್' ಅಂತಾರೆ. ನಿಜವಾಗಿ ನಮ್ಮ ದೇಶದಲ್ಲಿ ಆರ್‌ಬಿಐ ಪರವಾನಗಿ ಪಡೆದ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಕೆಳಗೆ ಇವು ಕೆಲಸ ಮಾಡುತ್ತವೆ. ಸಿಬಿಲ್ ಎಲ್ಲಕ್ಕಿಂತ ಮೊದಲು ಬಂದದ್ದು, ಹಾಗಾಗಿ ಅದರ ಹೆಸರೇ ಬಾಯಲ್ಲಿ ನಿಂತಿದೆ.

ಈ ಕಂಪನಿಗಳು ನಿಮ್ಮ ಬಗ್ಗೆ ತಾವಾಗಿ ಏನನ್ನೂ ಬರೆಯುವುದಿಲ್ಲ. ಸಾಲ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಕಳಿಸಿದ ಮಾಹಿತಿಯನ್ನು ಇಟ್ಟುಕೊಂಡು, ಸ್ಕೋರ್ ಲೆಕ್ಕ ಹಾಕಿ ತೋರಿಸುತ್ತವೆ, ಅಷ್ಟೇ. ಮೊದಲು ಈ ಮಾಹಿತಿ ತಿಂಗಳಿಗೊಮ್ಮೆ ಹೋಗುತ್ತಿತ್ತು. 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಅಂತ ಆರ್‌ಬಿಐ ಹೇಳಿದೆ. 'ಸೆಟಲ್ಡ್' ಅಂತ ಬರೆದದ್ದು ಬ್ಯಾಂಕು. ಅಳಿಸಬೇಕಾದರೂ ಬ್ಯಾಂಕೇ ಅಳಿಸಬೇಕು. ಇದು ಗೊತ್ತಿಲ್ಲದೆ ನಾನು ಮೊದಲ ಎರಡು ತಿಂಗಳು ಸಿಬಿಲ್‌ಗೆ ಮೇಲ್ ಮೇಲೆ ಮೇಲ್ ಬರೆಯುತ್ತಾ ಕೂತಿದ್ದೆ.

ಹೆಜ್ಜೆ 1: ನಾಲ್ಕೂ ರಿಪೋರ್ಟ್ ತೆಗೆಸಿ

ಪ್ರತಿ ಕಂಪನಿಯೂ ಕ್ಯಾಲೆಂಡರ್ ವರ್ಷಕ್ಕೆ ಒಂದು ಸಲ ಪೂರ್ತಿ ರಿಪೋರ್ಟನ್ನು, ಸ್ಕೋರ್ ಸಮೇತ, ಉಚಿತವಾಗಿ ಕೊಡಲೇಬೇಕು. ಅಂದರೆ ವರ್ಷಕ್ಕೆ ನಾಲ್ಕು ರಿಪೋರ್ಟ್ ಫ್ರೀ. ಆಯಾ ಕಂಪನಿಯ ವೆಬ್‌ಸೈಟಿಗೇ ಹೋಗಿ, ಪ್ಯಾನ್ ನಂಬರ್, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ದುಡ್ಡು ಕಟ್ಟುವ ಪ್ಲಾನ್‌ಗಳನ್ನು ಮೊದಲು ತೋರಿಸುತ್ತಾರೆ. ಅವಸರದಲ್ಲಿ ಒತ್ತಬೇಡಿ, ಉಚಿತ ರಿಪೋರ್ಟಿನ ಆಯ್ಕೆಯನ್ನು ಹುಡುಕಿ.

ಸ್ಕೋರ್ ಮಾತ್ರ ತೋರಿಸುವ ಆ್ಯಪ್‌ಗಳು ಈ ಕೆಲಸಕ್ಕೆ ಸಾಲದು. ನಮಗೆ ಬೇಕಾದ್ದು ಪ್ರತಿ ಖಾತೆಯ ವಿವರ ಇರುವ ಪೂರ್ತಿ ರಿಪೋರ್ಟ್. ಸಾಧಾರಣವಾಗಿ ಮೂರು ತಿಂಗಳಿಗೊಂದರಂತೆ ನಾಲ್ಕು ಕಂಪನಿಯಿಂದ ತೆಗೆದುಕೊಂಡರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ಆದರೆ ಹಳೇ ಸೆಟಲ್‌ಮೆಂಟ್ ಇರುವವರು ಮೊದಲ ಸಲ ನಾಲ್ಕನ್ನೂ ಒಟ್ಟಿಗೆ ತೆಗೆಸಿ. ನನ್ನ ವಿಷಯದಲ್ಲಿ ಎರಡು ಕಡೆ 'ಸೆಟಲ್ಡ್' ಅಂತಿತ್ತು, ಒಂದು ಕಡೆ 'ರಿಟನ್ ಆಫ್' ಅಂತಿತ್ತು, ಇನ್ನೊಂದರಲ್ಲಿ ಆ ಕಾರ್ಡೇ ಇರಲಿಲ್ಲ. ನೀವೇ ನಿಮ್ಮ ರಿಪೋರ್ಟ್ ನೋಡಿಕೊಂಡರೆ ಸ್ಕೋರ್ ಕಡಿಮೆ ಆಗುವುದಿಲ್ಲ. ಆ ಭಯ ಬೇಡ.

ರಿಪೋರ್ಟಿನ ಮೇಲ್ಭಾಗದಲ್ಲಿ ಕಂಟ್ರೋಲ್ ನಂಬರ್ ಅಂತ ಇರುತ್ತದೆ. ಮುಂದೆ ತಕರಾರು ಹಾಕುವಾಗ ಬೇಕು, ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಆ ಖಾತೆಯನ್ನು ಸಾಲು ಸಾಲಾಗಿ ಓದಿ

ಇಲ್ಲಿ ಸಮಾಧಾನ ಬೇಕು. ಹೆಚ್ಚಿನವರು ಸ್ಕೋರ್ ನೋಡಿ, ಬೇಜಾರು ಮಾಡಿಕೊಂಡು, ಫೈಲ್ ಮುಚ್ಚಿಬಿಡುತ್ತಾರೆ. ಸ್ಕೋರ್ 300ರಿಂದ 900ರೊಳಗಿನ ಒಂದು ಅಂಕಿ. ಏನು ತಪ್ಪಾಗಿದೆ ಅಂತ ಅದು ಹೇಳುವುದಿಲ್ಲ. ಅದನ್ನು ಹೇಳುವುದು ಖಾತೆಗಳ ಭಾಗ. ಒಂದು ಪೆನ್ನು ಹಿಡಿದು ಕೂತುಕೊಳ್ಳಿ.

ನನ್ನ ಕಾರ್ಡಿನ ಖಾತೆ ಹೀಗಿತ್ತು. ಮೊದಲಿಗೆ ಬ್ಯಾಂಕಿನ ಹೆಸರು, ಖಾತೆಯ ಬಗೆ ಕ್ರೆಡಿಟ್ ಕಾರ್ಡ್, ಓನರ್‌ಶಿಪ್ ಎದುರು 'ಇಂಡಿವಿಜುಯಲ್'. ಪಕ್ಕದಲ್ಲಿ ನಾಲ್ಕು ತಾರೀಖು: ಖಾತೆ ಶುರುವಾದದ್ದು, ಕೊನೆಯ ಪಾವತಿ, ಮುಚ್ಚಿದ್ದು, ಮತ್ತು 'ಡೇಟ್ ರಿಪೋರ್ಟೆಡ್'. ಈ ಕೊನೆಯ ತಾರೀಖನ್ನು ಯಾರೂ ನೋಡುವುದಿಲ್ಲ, ಆದರೆ ಮೊದಲು ನೋಡಬೇಕಾದ್ದೇ ಅದು. ಬ್ಯಾಂಕು ಈ ಖಾತೆಯ ಬಗ್ಗೆ ಕೊನೆಯ ಸಲ ಮಾಹಿತಿ ಕಳಿಸಿದ್ದು ಯಾವಾಗ ಅಂತ ಅದು ಹೇಳುತ್ತದೆ. ನೀವು ಜೂನ್‌ನಲ್ಲಿ ದುಡ್ಡು ಕಟ್ಟಿದ್ದು, ಆ ತಾರೀಖು ಏಪ್ರಿಲ್‌ನಲ್ಲೇ ನಿಂತಿದ್ದರೆ, ಬ್ಯಾಂಕು ಸುದ್ದಿಯನ್ನೇ ಮುಟ್ಟಿಸಿಲ್ಲ ಅಂತ ಅರ್ಥ.

ಅದರ ಕೆಳಗೆ ಮೊತ್ತಗಳು. ಕರೆಂಟ್ ಬ್ಯಾಲೆನ್ಸ್ ಸೊನ್ನೆ. ಅಮೌಂಟ್ ಓವರ್‌ಡ್ಯೂ, ಅಂದರೆ ಗಡುವು ದಾಟಿದ ಬಾಕಿ, ಸೊನ್ನೆ. ಇವೆರಡೂ ಸೊನ್ನೆ ಇದ್ದದ್ದಕ್ಕೇ ನಾನು ಎಲ್ಲಾ ಸರಿಯಿದೆ ಅಂದುಕೊಂಡಿದ್ದೆ. ಇನ್ನೂ ಕೆಳಗಿತ್ತು ನೋಡಿ: ಸೆಟಲ್‌ಮೆಂಟ್ ಅಮೌಂಟ್ 45,000. ರಿಟನ್ ಆಫ್ ಟೋಟಲ್ 73,400. ಇವೆರಡನ್ನೂ ಕೂಡಿದರೆ ನನ್ನ ಹಳೇ ಬಾಕಿ 1,18,400 ಸರಿಯಾಗಿ ಬರುತ್ತದೆ. ಅಂದರೆ ನಾನು ಕಟ್ಟಿದ್ದು ಎಷ್ಟು, ಬ್ಯಾಂಕು ಕೈಬಿಟ್ಟದ್ದು ಎಷ್ಟು, ಎರಡೂ ಅಲ್ಲಿ ದಾಖಲಾಗಿತ್ತು. ಅದರ ಪಕ್ಕದಲ್ಲೇ ರಿಟನ್ ಆಫ್ ಪ್ರಿನ್ಸಿಪಲ್ ಅಂತ ಇನ್ನೊಂದು ಅಂಕಿ. ಬಿಟ್ಟ ಹಣದಲ್ಲಿ ಅಸಲು ಎಷ್ಟಿತ್ತು ಅನ್ನೋದು ಅದು. ನನ್ನದು 31,000 ಇತ್ತು. ಮಿಕ್ಕಿದ್ದೆಲ್ಲ ಬಡ್ಡಿ ಮತ್ತು ದಂಡ. ಮುಂದೆ ಬ್ಯಾಂಕಿನ ಜೊತೆ ಮಾತಿಗೆ ಕೂತಾಗ ಈ ಅಂಕಿ ತುಂಬಾ ಕೆಲಸಕ್ಕೆ ಬಂತು.

ಕೊನೆಗೆ ತಿಂಗಳುಗಳ ಪಟ್ಟಿ. 36 ತಿಂಗಳವರೆಗಿನ ಪಾವತಿ ಇತಿಹಾಸ ಅಲ್ಲಿರುತ್ತದೆ. ಪ್ರತಿ ತಿಂಗಳ ಕೆಳಗೆ ಒಂದು ಸಂಖ್ಯೆ. ಇದಕ್ಕೆ ಡಿಪಿಡಿ ಅಂತಾರೆ, ಕಂತು ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕ. 000 ಅಂದರೆ ಸರಿಯಾಗಿ ಕಟ್ಟಿದ್ದೀರಿ. 030 ಅಂದರೆ ಮೂವತ್ತು ದಿನ ತಡ. ಸಂಖ್ಯೆಯ ಬದಲು ಅಕ್ಷರ ಇದ್ದರೆ: ಎಸ್‌ಟಿಡಿ ಅಂದರೆ ಸಾಲ ಇನ್ನೂ ಆರೋಗ್ಯವಾಗಿದೆ. ಎಸ್‌ಎಂಎ ಅಂದರೆ ಹದಗೆಡುತ್ತಿದೆ, ನಿಗಾ ಇಟ್ಟಿದ್ದೇವೆ. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಅಲ್ಲಿಂದ ಎಸ್‌ಯುಬಿ (ಕೆಳದರ್ಜೆಯ ಸಾಲ), ಡಿಬಿಟಿ (ವಾಪಸ್ ಬರುವುದು ಅನುಮಾನ), ಎಲ್‌ಎಸ್‌ಎಸ್ (ನಷ್ಟ) ಅಂತ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಎಕ್ಸ್‌ಎಕ್ಸ್‌ಎಕ್ಸ್ ಅಂತಿದ್ದರೆ ಗಾಬರಿ ಬೇಡ, ಆ ತಿಂಗಳು ಬ್ಯಾಂಕು ಮಾಹಿತಿ ಕೊಟ್ಟಿಲ್ಲ ಅಷ್ಟೇ.

ಲೋನ್ ಕೊಡುವವರು 'ಸೆಟಲ್ಡ್' ಪದವನ್ನು ನೋಡಿದ ಮೇಲೆ ಕಣ್ಣಾಡಿಸುವುದು ಈ ಪಟ್ಟಿಯ ಮೇಲೆ. ಎರಡೂ ಸೇರಿ ಪೂರ್ತಿ ಕಥೆ ಹೇಳುತ್ತವೆ.

ಸ್ಟೇಟಸ್ ಜಾಗದಲ್ಲಿ ಬರುವ ಪದಗಳು

'ಕ್ಲೋಸ್ಡ್' ಅಂದರೆ ಪೂರ್ತಿ ಕಟ್ಟಿ ಮುಗಿಸಿದ್ದೀರಿ. ಎಲ್ಲರಿಗೂ ಬೇಕಾದ್ದು ಇದೇ. ತಡವಾಗಿ ಕಟ್ಟಿದ್ದರೂ, ಬಾಕಿ ಪೂರ್ತಿ ತೀರಿದ್ದರೆ ಹೀಗೇ ಬರಬೇಕು.

'ಸೆಟಲ್ಡ್' ಅಂದರೆ ಏನಂತ ಮೇಲೆ ಹೇಳಿದೆ.

'ರಿಟನ್ ಆಫ್' ಅಂದರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ಸಾಲವನ್ನು ತೆಗೆದುಹಾಕಿದೆ. ಇದನ್ನು ಎಷ್ಟೋ ಜನ ಮನ್ನಾ ಅಂತ ತಿಳಿಯುತ್ತಾರೆ. ಮನ್ನಾ ಅಲ್ಲ. ಬ್ಯಾಂಕು ತನ್ನ ಲೆಕ್ಕದ ಅನುಕೂಲಕ್ಕೆ ಹಾಗೆ ಮಾಡುತ್ತದೆ. ನಿಮ್ಮಿಂದ ವಸೂಲಿ ಮಾಡುವ ಹಕ್ಕು ಹಾಗೇ ಇರುತ್ತದೆ. ಸಾಲ ಕೊಡುವವರ ಕಣ್ಣಲ್ಲಿ ಇದು 'ಸೆಟಲ್ಡ್'ಗಿಂತ ಕೆಟ್ಟದ್ದು. ಏಕೆಂದರೆ ಸೆಟಲ್‌ಮೆಂಟ್‌ನಲ್ಲಿ ಸಾಲಗಾರ ಮುಂದೆ ಬಂದು ಒಂದಷ್ಟಾದರೂ ಕೊಟ್ಟಿರುತ್ತಾನೆ.

'ಪೋಸ್ಟ್ ರಿಟನ್ ಆಫ್ ಸೆಟಲ್ಡ್' ಅಂದರೆ ಮೊದಲು ರೈಟ್ ಆಫ್ ಆಗಿ, ಆಮೇಲೆ ನೀವು ಒಂದಷ್ಟು ಕಟ್ಟಿ ಒಪ್ಪಂದ ಮಾಡಿಕೊಂಡಿದ್ದೀರಿ. ವರ್ಷಗಟ್ಟಲೆ ಸುಮ್ನೆ ಬಿಟ್ಟು ಕಡೆಗೆ ಸೆಟಲ್ ಮಾಡಿದವರಿಗೆ ಸಾಮಾನ್ಯವಾಗಿ ಇದು ಬರುತ್ತದೆ.

'ರಿಸ್ಟ್ರಕ್ಚರ್ಡ್' ಬೇರೆ ವಿಷಯ. ಅಲ್ಲಿ ಕಂತು ಕಡಿಮೆ ಮಾಡಿ ಅವಧಿ ಜಾಸ್ತಿ ಮಾಡಿರುತ್ತಾರೆ. 'ಅಕೌಂಟ್ ಸೋಲ್ಡ್' ಅಂದರೆ ನಿಮ್ಮ ಸಾಲವನ್ನು ಬ್ಯಾಂಕು ಬೇರೆ ಕಂಪನಿಗೆ ಮಾರಿದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

'ಸೆಟಲ್ಡ್' ಆದದ್ದರಿಂದ ಆಗುವ ತೊಂದರೆ ಎಷ್ಟು ದಿನ?

ಎರಡು ಲೆಕ್ಕಗಳಿವೆ. ಒಂದಕ್ಕೊಂದು ಬೆರೆಸಬೇಡಿ.

ಮೊದಲನೆಯದು ಕೂಲಿಂಗ್ ಅವಧಿ. 2023ರ ಜೂನ್ 8ರಂದು ಆರ್‌ಬಿಐ ರಾಜಿ ಸೆಟಲ್‌ಮೆಂಟ್ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ, ಸೆಟಲ್‌ಮೆಂಟ್ ಮಾಡಿಕೊಂಡವರಿಗೆ ಹೊಸ ಸಾಲ ಕೊಡುವ ಮುಂಚೆ ಕನಿಷ್ಠ 12 ತಿಂಗಳು ಕಾಯಬೇಕು. ಬ್ಯಾಂಕು ಬೇಕಿದ್ದರೆ ಇನ್ನೂ ಜಾಸ್ತಿ ಇಡಬಹುದು. ಕೃಷಿ ಸಾಲಕ್ಕೆ ಮಾತ್ರ ಈ 12 ತಿಂಗಳ ಕಟ್ಟುಪಾಡಿಲ್ಲ, ಎಷ್ಟು ಕಾಯಬೇಕು ಅಂತ ಆಯಾ ಬ್ಯಾಂಕೇ ತೀರ್ಮಾನಿಸುತ್ತದೆ.

ಎರಡನೆಯದು ರಿಪೋರ್ಟ್‌ನಲ್ಲಿ ಉಳಿಯುವ ಕಾಲ. ಕ್ರೆಡಿಟ್ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮವಿದೆ. 'ಕನಿಷ್ಠ' ಅನ್ನೋ ಪದವನ್ನು ಗಮನಿಸಿ. ಏಳು ವರ್ಷ ಮುಗಿದ ಮಾರನೇ ದಿನ ತಾನಾಗಿ ಮಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ.

ಸ್ಕೋರ್ ಎಷ್ಟು ಅಂಕ ಬೀಳುತ್ತದೆ ಅಂತ ಒಂದೇ ಉತ್ತರ ಇಲ್ಲ. ಉಳಿದ ಸಾಲಗಳು ಹೇಗಿವೆ, ಸೆಟಲ್ ಆಗಿ ಎಷ್ಟು ಕಾಲವಾಯಿತು, ಎಲ್ಲಾ ಸೇರಿ ನಿರ್ಧಾರವಾಗುತ್ತದೆ. ಒಂದು ಮಾತಂತೂ ನಿಜ. ಸ್ಕೋರ್ ಚೇತರಿಸಿಕೊಂಡ ಮೇಲೂ 'ಸೆಟಲ್ಡ್' ಪದ ಹಾಗೇ ಉಳಿದಿರಬಹುದು. ನಾನು ಹೋಮ್ ಲೋನ್ ಕೇಳಿದಾಗ ಸ್ಕೋರ್ 740 ಇತ್ತು. ಆದರೂ ಆ ಒಂದು ಸಾಲು ಅಡ್ಡ ಬಂತು.

ಹೆಜ್ಜೆ 3: ಇನ್ನೂ ಸೆಟಲ್ ಮಾಡಿಲ್ಲ ಅಂದರೆ, ಸ್ವಲ್ಪ ತಡೆಯಿರಿ

ನಿಮ್ಮ ಮುಂದೆ ಈಗ ಸೆಟಲ್‌ಮೆಂಟ್ ಆಫರ್ ಇದ್ದರೆ, ಮೊದಲು ಬ್ಯಾಂಕಿಗೆ ಕೇಳಬೇಕಾದ್ದು ಬೇರೆ ಪ್ರಶ್ನೆ: ಬಾಕಿಯನ್ನು ಕಂತು ಮಾಡಿ ಕೊಡುತ್ತೀರಾ? ಅವಧಿ ಹೆಚ್ಚಿಸುತ್ತೀರಾ? ಲೇಟ್ ಫೀ ಮಾತ್ರ ಕೈಬಿಟ್ಟು ಉಳಿದದ್ದನ್ನು ಪೂರ್ತಿ ಕಟ್ಟಿಸಿಕೊಂಡು 'ಕ್ಲೋಸ್ಡ್' ಅಂತ ಹಾಕುತ್ತೀರಾ? ಬಹಳ ಸಲ ಒಪ್ಪುತ್ತಾರೆ. ವಸೂಲಿ ಏಜೆಂಟ್ ಇದನ್ನು ತಾನಾಗಿ ಹೇಳುವುದಿಲ್ಲ. ಅವನಿಗೆ ಆ ತಿಂಗಳು ಎಷ್ಟು ಬಂತು ಅನ್ನೋದೇ ಮುಖ್ಯ.

ಯಾವ ದಾರಿಯೂ ಇಲ್ಲದಿದ್ದರೆ ಸೆಟಲ್‌ಮೆಂಟ್ ತಪ್ಪಲ್ಲ. ಮನೆಯಲ್ಲಿ ಕಾಯಿಲೆ, ಕೆಲಸ ಇಲ್ಲ, ಬಡ್ಡಿ ಬೆಳೆಯುತ್ತಲೇ ಇದೆ ಅಂದರೆ, ರಿಪೋರ್ಟ್ ಹಾಳಾಗುತ್ತೆ ಅಂತ ಸಾಲವನ್ನು ಹಾಗೇ ಬೆಳೆಯಲು ಬಿಡುವುದಕ್ಕಿಂತ ಇದೇ ವಾಸಿ. ಆದರೆ ಮಾಡುವ ರೀತಿ ಸರಿಯಿರಬೇಕು.

ಒಂದು ರೂಪಾಯಿ ಕಟ್ಟುವ ಮುಂಚೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಸೆಟಲ್‌ಮೆಂಟ್ ಪತ್ರ ತರಿಸಿಕೊಳ್ಳಿ. ವಾಟ್ಸ್‌ಆ್ಯಪ್ ಮೆಸೇಜ್ ಸಾಲದು. ಫೋನ್ ಮಾತು ಲೆಕ್ಕಕ್ಕೇ ಇಲ್ಲ. ಪತ್ರದಲ್ಲಿ ನಿಮ್ಮ ಲೋನ್ ಅಥವಾ ಕಾರ್ಡ್ ನಂಬರ್, ಒಟ್ಟು ಬಾಕಿ, ಒಪ್ಪಿದ ಮೊತ್ತ, ಕಟ್ಟಬೇಕಾದ ಕೊನೆಯ ದಿನ, ಕಟ್ಟಿದ ಮೇಲೆ ಬೇರೆ ಯಾವ ಬಾಕಿಯನ್ನೂ ಕೇಳುವುದಿಲ್ಲ ಎಂಬ ಮಾತು, ಇಷ್ಟೂ ಇರಬೇಕು. ಕ್ರೆಡಿಟ್ ಕಂಪನಿಗಳಿಗೆ ಏನಂತ ವರದಿ ಮಾಡುತ್ತೀರಿ ಅಂತಲೂ ಬರವಣಿಗೆಯಲ್ಲಿ ಕೇಳಿ. ಪತ್ರ ಬಂದ ಮೇಲೆ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಅಥವಾ ಬ್ರಾಂಚಿಗೆ ತೋರಿಸಿ, ಇದು ಅಸಲಿಯೇ ಅಂತ ಖಾತ್ರಿ ಮಾಡಿಕೊಳ್ಳಿ. ನಕಲಿ ಪತ್ರ ಕೊಟ್ಟು ದುಡ್ಡು ಹೊಡೆಯುವವರಿದ್ದಾರೆ.

ಹಣವನ್ನು ಸಾಲದ ಖಾತೆಗೇ ಕಟ್ಟಿ. ಏಜೆಂಟನ ಯುಪಿಐಗೆ ಹಾಕಬೇಡಿ. ಹೇಳಿದ ದಿನದೊಳಗೆ ಕಟ್ಟಿ. ಒಂದು ದಿನ ತಪ್ಪಿದರೂ ಆಫರ್ ಬಿದ್ದುಹೋಗಬಹುದು, ಆಗ ಕಟ್ಟಿದ್ದು ಕಳೆದು ಮಿಕ್ಕ ಪೂರ್ತಿ ಬಾಕಿ ಮತ್ತೆ ತಲೆ ಮೇಲೆ ಬರುತ್ತದೆ. ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್, ಅಂದರೆ ಬಾಕಿ ಏನೂ ಇಲ್ಲ ಎಂಬ ಪತ್ರ, ಕೇಳಿ ಪಡೆಯಿರಿ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಯವರು ಫೋನ್ ಮಾಡಬಾರದು ಅಂತ 2022ರಲ್ಲೇ ಆರ್‌ಬಿಐ ಹೇಳಿದೆ. ರಾತ್ರಿ ಹತ್ತಕ್ಕೆ ಬಂದ ಫೋನಿಗೆ ಹೆದರಿ 'ಹೂಂ' ಅಂದುಬಿಡಬೇಡಿ.

ಹೆಜ್ಜೆ 4: 'ಸೆಟಲ್ಡ್' ಅನ್ನು 'ಕ್ಲೋಸ್ಡ್' ಮಾಡಿಸುವುದು

ಇದು ಆಗುತ್ತದೆ. ನನಗೆ ಆಯಿತು. ಆದರೆ ದುಡ್ಡು ಮತ್ತು ತಾಳ್ಮೆ ಎರಡೂ ಬೇಕು.

ಬ್ಯಾಂಕು ಅಂದು ಬಿಟ್ಟ ಹಣವನ್ನು ಇಂದು ಕಟ್ಟುತ್ತೇನೆ ಅಂತ ನೀವೇ ಮುಂದೆ ಹೋಗಬೇಕು. ಕಾನೂನಿನ ಪ್ರಕಾರ ಅವರು ನಿಮ್ಮನ್ನು ಕೇಳುವ ಹಾಗಿಲ್ಲ, ಒಪ್ಪಂದ ಮುಗಿದಿದೆ. ನೀವಾಗಿ ಕಟ್ಟುತ್ತಿರುವುದು ದಾಖಲೆ ಸರಿಯಾಗಲಿ ಅಂತ. ಬ್ರಾಂಚಿಗೆ ಹೋದರೆ, "ಇದು ನಮ್ಮ ಕೈಲಿಲ್ಲ" ಅನ್ನುವ ಸಾಧ್ಯತೆ ಜಾಸ್ತಿ. ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಅಥವಾ ಕುಂದುಕೊರತೆ ವಿಭಾಗಕ್ಕೆ ಮೇಲ್ ಬರೆಯಿರಿ. ನಾನು ಬರೆದದ್ದು ಹೀಗಿತ್ತು:

"ಮಾನ್ಯರೇ, ನನ್ನ ಕ್ರೆಡಿಟ್ ಕಾರ್ಡ್ ಖಾತೆಯನ್ನು 2017ರಲ್ಲಿ 45,000 ರೂಪಾಯಿಗೆ ಸೆಟಲ್ ಮಾಡಿಕೊಂಡಿದ್ದೆ. ಆಗ ಕೈಬಿಟ್ಟ ಬಾಕಿಯನ್ನು ಈಗ ಕಟ್ಟಲು ಸಿದ್ಧನಿದ್ದೇನೆ. ಕಟ್ಟಬೇಕಾದ ಮೊತ್ತ ಎಷ್ಟು, ಯಾವ ಖಾತೆಗೆ ಕಟ್ಟಬೇಕು ಎಂದು ತಿಳಿಸಿ. ಕಟ್ಟಿದ ನಂತರ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಲ್ಲಿ ಸ್ಟೇಟಸ್ 'ಕ್ಲೋಸ್ಡ್' ಎಂದೂ, ರಿಟನ್ ಆಫ್ ಮತ್ತು ಸೆಟಲ್‌ಮೆಂಟ್ ಮೊತ್ತ ಸೊನ್ನೆ ಎಂದೂ ಬದಲಾಯಿಸುವುದಾಗಿ ಲಿಖಿತವಾಗಿ ಖಚಿತಪಡಿಸಬೇಕೆಂದು ಕೋರುತ್ತೇನೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ಮೊದಲ ಉತ್ತರದಲ್ಲಿ 73,400 ಪೂರ್ತಿ ಕೇಳಿದರು. ಅದರಲ್ಲಿ ಅಸಲು 31,000 ಮಾತ್ರ, ಮಿಕ್ಕಿದ್ದು ದಂಡ ಮತ್ತು ಬಡ್ಡಿ ಅಂತ ರಿಪೋರ್ಟಿನ ಆ ಸಾಲನ್ನೇ ತೋರಿಸಿ ಬರೆದೆ. ಮೂರು ಸುತ್ತಿನ ಪತ್ರವಾದ ಮೇಲೆ 48,000ಕ್ಕೆ ಒಪ್ಪಿದರು. ಎಲ್ಲರೂ ಹೀಗೆ ಒಪ್ಪಬೇಕು ಅಂತಿಲ್ಲ. ಆದರೆ ಕಡಿಮೆ ಮಾಡಿಸಿಕೊಂಡಾಗ ಒಂದು ಎಚ್ಚರ ಬೇಕು: ಇದನ್ನು ಮತ್ತೆ ಸೆಟಲ್‌ಮೆಂಟ್ ಅಂತ ನಮೂದಿಸುವುದಿಲ್ಲ, 'ಕ್ಲೋಸ್ಡ್' ಅಂತಲೇ ಹಾಕುತ್ತೇವೆ ಎಂಬ ಮಾತು ಪತ್ರದಲ್ಲಿ ಇರಲೇಬೇಕು. ಇಲ್ಲದಿದ್ದರೆ ದುಡ್ಡೂ ಹೋಯಿತು, ಸಾಲೂ ಹಾಗೇ ಉಳಿಯಿತು.

ಕಟ್ಟಿದ ಮೇಲೆ ಹೊಸ ನೋ ಡ್ಯೂ ಸರ್ಟಿಫಿಕೇಟ್ ತಗೊಳ್ಳಿ. ಹಳೆಯದು ಸೆಟಲ್‌ಮೆಂಟ್‌ನದ್ದು, ಅದು ಇಲ್ಲಿ ನಡೆಯುವುದಿಲ್ಲ. ಮುಂದಿನ ತಿಂಗಳು ರಿಪೋರ್ಟ್ ತೆಗೆದು ನೋಡಿ. ಸ್ಟೇಟಸ್ ಬದಲಾದರೂ ಹಳೇ ತಿಂಗಳುಗಳ ತಡದ ಸಂಖ್ಯೆಗಳು ಅಳಿಯುವುದಿಲ್ಲ. ಅವು ನಿಜವಾಗಿ ಆದದ್ದು, ಹಾಗಾಗಿ ಇರುತ್ತವೆ.

ಎಲ್ಲರೂ ಇದನ್ನು ಮಾಡಬೇಕಾ? ನನ್ನ ಅಭಿಪ್ರಾಯ, ಇಲ್ಲ. ಒಂದೆರಡು ವರ್ಷದಲ್ಲಿ ಮನೆ ಸಾಲ ಅಥವಾ ದೊಡ್ಡ ಸಾಲ ಬೇಕು ಅಂತಿದ್ದರೆ ಮಾಡಿ. ಸದ್ಯಕ್ಕೆ ಸಾಲದ ಯೋಚನೆಯೇ ಇಲ್ಲ, ಕೈಯಲ್ಲಿ ಹಣ ಕಡಿಮೆ ಇದೆ ಅಂದರೆ, ಬಡ್ಡಿ ತಿನ್ನುತ್ತಿರುವ ಬೇರೆ ಸಾಲವನ್ನು ಮೊದಲು ತೀರಿಸಿ.

ಹೆಜ್ಜೆ 5: ರಿಪೋರ್ಟೇ ತಪ್ಪಾಗಿದ್ದರೆ ತಕರಾರು ಹಾಕಿ

ಪೂರ್ತಿ ಕಟ್ಟಿದ್ದೀರಿ, ಆದರೂ 'ಸೆಟಲ್ಡ್' ಅಂತಿದೆ. ಸೆಟಲ್ ಆಗಿದೆ, ಆದರೂ ಓವರ್‌ಡ್ಯೂ ತೋರಿಸುತ್ತಿದೆ. ನಿಮ್ಮದೇ ಅಲ್ಲದ ಸಾಲ ನಿಮ್ಮ ಹೆಸರಲ್ಲಿದೆ. ಇವೆಲ್ಲ ತಪ್ಪುಗಳು, ಸರಿಪಡಿಸಲು ನೀವು ಒಂದು ಪೈಸೆಯೂ ಕೊಡಬೇಕಿಲ್ಲ.

ಬ್ಯಾಂಕಿಗೂ ಕ್ರೆಡಿಟ್ ಕಂಪನಿಗೂ ಒಟ್ಟಿಗೆ ದೂರು ಕೊಡಿ. ಕಂಪನಿಯ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ ವಿಭಾಗಕ್ಕೆ ಹೋಗಿ, ಕಂಟ್ರೋಲ್ ನಂಬರ್ ಕೊಟ್ಟು, ಯಾವ ಖಾತೆಯ ಯಾವ ಸಾಲು ತಪ್ಪು ಅಂತ ಗುರುತಿಸಿ. "ನನ್ನ ಸ್ಕೋರ್ ಸರಿಯಿಲ್ಲ" ಅಂತ ಬರೆದರೆ ಏನೂ ಆಗದು. "ಈ ಖಾತೆಯ ಅಮೌಂಟ್ ಓವರ್‌ಡ್ಯೂ 12,000 ಅಂತಿದೆ, ಸೊನ್ನೆ ಇರಬೇಕು, ಈ ತಾರೀಖಿನ ಸರ್ಟಿಫಿಕೇಟ್ ಲಗತ್ತಿಸಿದೆ" ಅಂತ ಬರೆಯಿರಿ. ಕಂಪನಿ ಅದನ್ನು ಬ್ಯಾಂಕಿಗೆ ಕಳಿಸುತ್ತದೆ. ಬ್ಯಾಂಕು ಒಪ್ಪಿದರೆ ಮಾತ್ರ ಬದಲಾಗುತ್ತದೆ.

ಈಗ ಇದಕ್ಕೆ ಗಡುವು ಇದೆ. 2023ರ ಅಕ್ಟೋಬರ್ 26ರ ಆರ್‌ಬಿಐ ಸುತ್ತೋಲೆಯ ಪ್ರಕಾರ ದೂರು ಕೊಟ್ಟ 30 ದಿನದೊಳಗೆ ಪರಿಹಾರ ಆಗಬೇಕು. ಅದರಲ್ಲಿ ಬ್ಯಾಂಕಿಗೆ ಸಿಗುವುದು 21 ದಿನ. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ತಡ ಮಾಡಿದ್ದು ಬ್ಯಾಂಕಾದರೆ ಬ್ಯಾಂಕು, ಕ್ರೆಡಿಟ್ ಕಂಪನಿಯಾದರೆ ಕಂಪನಿ ಕೊಡಬೇಕು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಹಾಗಾಗಿ ದೂರು ಕೊಟ್ಟ ದಿನಾಂಕ ಮತ್ತು ದೂರಿನ ನಂಬರ್ ತೋರಿಸುವ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದಿನ ಎಣಿಸಲು ಅದೇ ಆಧಾರ.

ಮೂವತ್ತು ದಿನವಾದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದರೆ ಇಂಥ ದೂರುಗಳನ್ನು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ಸಿಎಂಎಸ್ ಎಂಬ ಪೋರ್ಟಲ್‌ನಲ್ಲಿ ಆನ್‌ಲೈನಾಗಿ, ವಕೀಲರಿಲ್ಲದೆ, ಶುಲ್ಕವಿಲ್ಲದೆ ದೂರು ಕೊಡಬಹುದು. 14448 ನಂಬರಿಗೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಬ್ಯಾಂಕುಗಳಷ್ಟೇ ಅಲ್ಲ, 2022ರ ಸೆಪ್ಟೆಂಬರ್ 1ರಿಂದ ಕ್ರೆಡಿಟ್ ಕಂಪನಿಗಳೂ ಇದರ ವ್ಯಾಪ್ತಿಗೆ ಬಂದಿವೆ.

ಕೆಲವು ಸಿಕ್ಕುಗಳು

ಸಾಲವನ್ನು ಬ್ಯಾಂಕು ಎಆರ್‌ಸಿಗೆ, ಅಂದರೆ ಕೆಟ್ಟ ಸಾಲಗಳನ್ನು ಕೊಳ್ಳುವ ಕಂಪನಿಗೆ ಮಾರಿದ್ದರೆ, ಹಣ ಕಟ್ಟಬೇಕಾದ್ದು, ಪತ್ರ ಪಡೆಯಬೇಕಾದ್ದು ಆ ಕಂಪನಿಯಿಂದ. ಒಂದೇ ಸಾಲ ರಿಪೋರ್ಟ್‌ನಲ್ಲಿ ಎರಡು ಕಡೆ ಕಾಣಿಸಬಹುದು, ಬ್ಯಾಂಕಿನ ಹೆಸರಲ್ಲಿ ಒಂದು, ಕೊಂಡವರ ಹೆಸರಲ್ಲಿ ಇನ್ನೊಂದು. ಎರಡರಲ್ಲೂ ಬಾಕಿ ತೋರಿಸುತ್ತಿದ್ದರೆ ಅದು ತಪ್ಪು, ತಕರಾರು ಹಾಕಿ.

ಓನರ್‌ಶಿಪ್ ಎದುರು 'ಗ್ಯಾರಂಟರ್' ಅಥವಾ 'ಜಾಯಿಂಟ್' ಅಂತಿದ್ದರೆ, ಸಾಲದ ಹಣವನ್ನು ನೀವು ಮುಟ್ಟದಿದ್ದರೂ ಅದು ನಿಮ್ಮ ರಿಪೋರ್ಟ್‌ನಲ್ಲೂ ಬರುತ್ತದೆ. ಭಾವನ ಲೋನಿಗೆ ಜಾಮೀನು ಹಾಕಿ, ಭಾವ ಅದನ್ನು ಸೆಟಲ್ ಮಾಡಿಕೊಂಡರೆ, ಆ ಪದ ನಿಮ್ಮ ಹೆಸರಿನ ಕೆಳಗೂ ಬರುತ್ತದೆ. ಸಂಬಂಧದ ಮುಲಾಜಿಗೆ ಸಹಿ ಹಾಕಿದವರು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಬೇಕು.

ಅಡಮಾನದ ಸಾಲ ಸೆಟಲ್ ಆಗಿದ್ದರೆ ಮೂಲ ಪತ್ರಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ.

ಇನ್ನು, "ಇಷ್ಟು ಕೊಡಿ, ಸಿಬಿಲ್‌ನಿಂದ ಸೆಟಲ್ಡ್ ಅಳಿಸಿಕೊಡ್ತೀವಿ" ಅನ್ನುವವರು. ಸರಿಯಾದ ಮಾಹಿತಿಯನ್ನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಯಾರಿಂದಲೂ ಅಳಿಸಲಾಗದು. ತಪ್ಪು ಮಾಹಿತಿಯಾದರೆ ನೀವೇ ಪುಕ್ಕಟೆ ಸರಿಪಡಿಸಬಹುದು. ಅವರಿಗೆ ಪ್ಯಾನ್, ಆಧಾರ್, ಒಟಿಪಿ ಕೊಟ್ಟು ಹೊಸ ತಲೆನೋವು ತಂದುಕೊಳ್ಳಬೇಡಿ.

ಹೆಜ್ಜೆ 6: ಆ ಸಾಲಿನ ಪಕ್ಕದಲ್ಲಿ ಒಳ್ಳೆಯ ಸಾಲುಗಳನ್ನು ಕೂಡಿಸಿ

ಯಾರೂ ಲೋನ್ ಕೊಡದಿದ್ದರೂ, ಫಿಕ್ಸೆಡ್ ಡೆಪಾಸಿಟ್ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಡೆಪಾಸಿಟ್ ಬ್ಯಾಂಕಿನಲ್ಲೇ ಇರುವುದರಿಂದ ಅವರಿಗೂ ಭಯವಿಲ್ಲ. ತಿಂಗಳಿಗೆ ಲಿಮಿಟ್‌ನ ಮೂರನೇ ಒಂದು ಭಾಗ ದಾಟದ ಹಾಗೆ ಬಳಸಿ, ಬಿಲ್ ಬಂದಾಗ ಪೂರ್ತಿ ಕಟ್ಟಿ. 'ಮಿನಿಮಮ್ ಡ್ಯೂ' ಮಾತ್ರ ಕಟ್ಟುವ ಅಭ್ಯಾಸವೇ ನನ್ನನ್ನು ಅಲ್ಲಿಗೆ ತಂದಿದ್ದು. ಒಂದೇ ಸಲ ನಾಲ್ಕೈದು ಕಡೆ ಲೋನಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ರಿಪೋರ್ಟ್‌ನ ಎನ್‌ಕ್ವೈರಿ ಭಾಗದಲ್ಲಿ ದಾಖಲಾಗುತ್ತದೆ. ಮೊಬೈಲ್ ನಂಬರ್ ಮತ್ತು ಇಮೇಲ್ ಬ್ಯಾಂಕಿನಲ್ಲೂ ಕ್ರೆಡಿಟ್ ಕಂಪನಿಯಲ್ಲೂ ಸರಿಯಾಗಿರಲಿ. ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ಈಗ ನಿಮಗೆ ಸಂದೇಶ ಬರಬೇಕು.

ಹೊಸ ಬ್ಯಾಂಕು ಹಳೇ ಸೆಟಲ್‌ಮೆಂಟ್ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಸೆಟಲ್‌ಮೆಂಟ್ ಪತ್ರ, ಹಣ ಕಟ್ಟಿದ ರಸೀದಿ, ನೋ ಡ್ಯೂ ಸರ್ಟಿಫಿಕೇಟ್, ಬದಲಾವಣೆಗೆ ಮುಂಚಿನ ಮತ್ತು ನಂತರದ ರಿಪೋರ್ಟ್ ಒಂದೇ ಫೈಲಿನಲ್ಲಿಡಿ. ಎರಡನೇ ಸಲ ಹೋಮ್ ಲೋನಿಗೆ ಹೋದಾಗ ನಾನು ಆ ಫೈಲನ್ನು ಮೇಜಿನ ಮೇಲಿಟ್ಟು, ಕೆಲಸ ಹೋದದ್ದು, ಸೆಟಲ್ ಮಾಡಿದ್ದು, ಉಳಿದದ್ದನ್ನು ಆಮೇಲೆ ಕಟ್ಟಿದ್ದು ಎಲ್ಲಾ ಹೇಳಿದೆ. ಮ್ಯಾನೇಜರ್ ಅರ್ಧ ಗಂಟೆ ಒಂದೊಂದೇ ಹಾಳೆ ತಿರುವಿ, ನೋ ಡ್ಯೂ ಸರ್ಟಿಫಿಕೇಟಿನ ಎರಡು ಜೆರಾಕ್ಸ್ ಮಾಡಿಸಿಕೊಂಡು ಅರ್ಜಿ ಫಾರಂ ಕೊಟ್ಟರು.